ಕೋಡಿ ದಾಟಿದ ಮೇಲೆ ಮೀನು ನದಿಯದು: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಕಾವೇರಿ ಕಣಿವೆಯಲ್ಲಿ ಹರಡುತ್ತಿರುವ ಹೊರಗಿನ ಮೀನುಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಆರಿಸಿಕೊಂಡು ಒಳನಾಡು ಮೀನುಗಾರಿಕೆಯ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಗುಬ್ಬಿ ತಾಲ್ಲೂಕಿನಲ್ಲಿ ನಮ್ಮ ಸಂಘವು ಒಂದು ಕೆರೆಯನ್ನು ಮೀನು ಸಾಕಣೆಗೆ ಗುತ್ತಿಗೆ ಪಡೆದಿದೆ. ಹೇಮಾವತಿ ನಾಲೆಯ ನೀರು ಬರತೊಡಗಿದ ಮೇಲೆ ಕೆರೆ ಬತ್ತುವುದು ನಿಂತಿದೆ. ಆದರೆ ಎರಡು ವರ್ಷಗಳಿಂದ ಬಲೆಗೆ ಕಾಟ್ಲಾ, ರೋಹುಗಳಿಗಿಂತ ಕ್ಯಾಟ್‌ಫಿಶ್ ಹೆಚ್ಚಾಗಿ ಬೀಳುತ್ತಿದೆ. ಕೆರೆ ಕೋಡಿ ಬಿದ್ದರೆ ನೀರು ಶಿಂಷಾ ನದಿಗೆ ಹೋಗುತ್ತದೆ. ಈ ಮೀನು ನದಿ ಸೇರದಂತೆ ಕೋಡಿಗೆ ಬಲೆ ಕಟ್ಟಿದರೆ ಸಾಕೇ?

ಉತ್ತರ: ಬಲೆಗೆ ಬೀಳುತ್ತಿರುವುದು ಯಾವ ಮೀನೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಮೀಸೆಯಿರುವ, ಹುರುಪೆಯಿಲ್ಲದ ಮೀನುಗಳನ್ನೆಲ್ಲ ಕ್ಯಾಟ್‌ಫಿಶ್ ಎಂದು ಕರೆದು, ನಮ್ಮ ನೆಲದ ಮುರುಗೋಡು, ಚೇಳುಮೀನು, ಬಾಳೆಮೀನುಗಳನ್ನೂ ದಡಕ್ಕೆಸೆದು ಸಾಯಿಸುವುದುಂಟು. ಬೆನ್ನಿನ ರೆಕ್ಕೆಯು ತಲೆಯ ಹಿಂದಿನಿಂದ ಬಾಲದ ಬುಡದವರೆಗೆ ಒಂದೇ ಪಟ್ಟಿಯಂತೆ ಸಾಗಿದ್ದರೆ ಅದು ಮುರುಗೋಡಿನ ಕುಲಕ್ಕೆ ಸೇರಿದ್ದು. ಚೇಳುಮೀನಿಗೂ ಬಾಳೆಗೂ ಬೆನ್ನಿನ ರೆಕ್ಕೆ ತೀರ ಚಿಕ್ಕದು. ನಮ್ಮ ಮುರುಗೋಡು ಒಂದೂವರೆ ಅಡಿ ಮೀರುವುದು ಅಪರೂಪ. ಆದ್ದರಿಂದ ತಲೆ ಅಗಲವಾಗಿ ಚಪ್ಪಟೆಯಾಗಿದ್ದು, ಮೈಮೇಲೆ ಬೂದು ಮತ್ತು ಕಪ್ಪು ಮಚ್ಚೆಗಳು ಹರಡಿದ್ದು, ಉದ್ದ ಎರಡು ಅಡಿ ದಾಟಿದ್ದರೆ ಅದು ಆಫ್ರಿಕನ್ ಕ್ಯಾಟ್‌ಫಿಶ್ ಎಂದೇ ತಿಳಿಯಬಹುದು. ಮರಿಗಳಲ್ಲಿ ಈ ಗುರುತು ಕಷ್ಟ. ಒಂದೆರಡನ್ನು ಹಿಡಿದು ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ತೋರಿಸುವುದೇ ಮೇಲು.

ಕೋಡಿಗೆ ಬಲೆ ಕಟ್ಟುವ ಆಲೋಚನೆಯನ್ನು ದಯವಿಟ್ಟು ಕೈಬಿಡಿ. ಮರಿಯನ್ನು ತಡೆಯುವಷ್ಟು ಸಣ್ಣ ಕಣ್ಣಿನ ಬಲೆಯು ಮೊದಲ ಮಳೆಯ ಕಸಕಡ್ಡಿ, ಅಂತರಗಂಗೆಗಳಿಂದ ಕಟ್ಟಿಕೊಂಡರೆ ನೀರಿನ ಮಟ್ಟ ಹೆಚ್ಚಿ ಕೆರೆಯ ಏರಿಗೇ ಅಪಾಯ ಬರುತ್ತದೆ. ಅಲ್ಲದೆ ಈ ಮೀನಿಗೆ ಕಿವಿರುಗಳ ಜೊತೆಗೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವೂ ಇರುವುದರಿಂದ, ಮಳೆಯ ರಾತ್ರಿ ಒದ್ದೆ ನೆಲದ ಮೇಲೆ ತೆವಳಿಕೊಂಡು ಪಕ್ಕದ ಹಳ್ಳಕ್ಕೆ ಹೋಗಬಲ್ಲದು. ಮಲೆನಾಡಿನವರು ಮೊದಲ ಮಳೆಗೆ ಹತ್ತುಮೀನು ಹಿಡಿಯಲು ಹೋಗುವುದನ್ನು ನೀವು ಕೇಳಿರಬಹುದು. ಹೊಸ ನೀರಿನ ವಾಸನೆಗೆ ಗದ್ದೆಯ ಕಡೆಗೆ ಏರುವ ಆ ಚಾಳಿ ಈ ಹೊರಗಿನ ಮೀನಿಗೂ ಇದೆ. ಕೋಡಿಯೊಂದನ್ನೇ ಕಾದು ಕುಳಿತರೆ ಅದು ಹಿತ್ತಿಲ ಬಾಗಿಲಿನಿಂದ ಹೋಗಿರುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಕೆರೆ ಬತ್ತುವುದು ನಿಂತಿದೆ ಎಂಬ ಮಾತು. ಬಯಲುಸೀಮೆಯ ಕೆರೆಗಳನ್ನು ಇಷ್ಟು ಕಾಲ ಹೊರಗಿನ ಮೀನುಗಳಿಂದ ಕಾಪಾಡಿದ್ದು ಇಲಾಖೆಯೂ ಅಲ್ಲ, ಕಾನೂನೂ ಅಲ್ಲ, ಬೇಸಿಗೆ. ಎರಡು ಮೂರು ವರ್ಷಕ್ಕೊಮ್ಮೆ ತಳ ಬಿರುಕು ಬಿಡುವ ಕೆರೆಯಲ್ಲಿ ಯಾವ ಮೀನೂ ದೊಡ್ಡ ಸಂಸಾರ ಹೂಡಲಾರದು. ನಾಲೆಯ ನೀರು ರೈತರಿಗೆ ಅನುಕೂಲವಾಗಿರುವಂತೆಯೇ ಈ ಮೀನಿಗೂ ಅನುಕೂಲವಾಗಿದೆ. ಹಾಗಾಗಿ ನಿಮ್ಮ ಕೈಯಲ್ಲಿರುವ ಬಲವಾದ ಉಪಾಯವೆಂದರೆ ಆ ಬೇಸಿಗೆಯನ್ನು ಮರಳಿ ತರುವುದು. ಅಚ್ಚುಕಟ್ಟಿನ ರೈತರೊಂದಿಗೆ ಮಾತಾಡಿ, ಮೂರು ವರ್ಷಕ್ಕೆ ಒಂದು ಸಲವಾದರೂ ಏಪ್ರಿಲ್ ಹೊತ್ತಿಗೆ ತೂಬಿನ ಮಟ್ಟಕ್ಕೆ ನೀರನ್ನು ಇಳಿಸಿ, ಉಳಿದ ಮಡುವಿನಲ್ಲಿ ಎಳೆಬಲೆಯನ್ನು ಮತ್ತೆ ಮತ್ತೆ ಹಾಕಿಸಿ. ಮಳೆಗಾಲದ ಹೊಸ ನೀರಿಗೆ ಮೊಟ್ಟೆಯಿಡುವ ಮೀನು ಇದಾದ್ದರಿಂದ, ಮುಂಗಾರಿಗೆ ಮುನ್ನ ಹಿಡಿದ ಒಂದು ಕಿಲೋ ತೂಕದ ಹೆಣ್ಣು ಮೀನೆಂದರೆ ಹತ್ತಾರು ಸಾವಿರ ಮೊಟ್ಟೆಗಳ ಲೆಕ್ಕ. ಅದನ್ನೇ ಆಗಸ್ಟಿನಲ್ಲಿ ಹಿಡಿದರೆ ಬರೀ ಒಂದು ಮೀನು. ಕೆಸರಿನಲ್ಲಿ ಹುದುಗಿ ಕೂರುವ ಅಭ್ಯಾಸವಿರುವುದರಿಂದ ತೇವ ಉಳಿದ ತಗ್ಗುಗಳನ್ನು ಕೆದಕಿ ನೋಡುವುದೂ ಅಗತ್ಯ.

ಬೇಡದ ಮೀನನ್ನು ಕೊಲ್ಲಲು ಹಿಪ್ಪೆ ಹಿಂಡಿಯನ್ನು ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಒಂದು ಮೀಟರ್ ಆಳದ ಒಂದು ಹೆಕ್ಟೇರ್ ಕೊಳಕ್ಕೆ ಸುಮಾರು 2,500 ಕಿಲೋ ಹಿಂಡಿ ಬೇಕು, ಅದರ ವಿಷವು ಇಳಿಯಲು ಎರಡು ಮೂರು ವಾರ ಹಿಡಿಯುತ್ತದೆ, ಮತ್ತು ಅದಕ್ಕೆ ಸ್ವಂತದ ಮೀನು ಪರದ ಮೀನು ಎಂಬ ಭೇದವಿಲ್ಲ. ನಾಲ್ಕೂ ಕಡೆ ಮುಚ್ಚಿದ ಖಾಸಗಿ ಕೊಳಕ್ಕೆ ಅದು ಸರಿ. ದನಕರು ಕುಡಿಯುವ, ಕೋಡಿ ಹರಿಯುವ ಊರ ಕೆರೆಗೆ ಬೇಡ.

ಇನ್ನು ಮೀನು ಬಂದದ್ದಾದರೂ ಎಲ್ಲಿಂದ? ಮೇಲಿನ ಊರಿನಲ್ಲಿ ಯಾರೋ ಕದ್ದು ಸಾಕಿದ ಹೊಂಡದಿಂದ, ಇಲ್ಲವೇ ನೀವೇ ತಂದು ಬಿಟ್ಟ ಮರಿಯ ಚೀಲದಿಂದ. ಈ ಮೀನಿನ ಸಾಕಣೆಯನ್ನು ಕೇಂದ್ರ ಸರ್ಕಾರವು 1997ರಲ್ಲಿಯೇ ನಿಷೇಧಿಸಿದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಸಾಕಣೆ ಹೊಂಡಗಳನ್ನು ನಾಶಪಡಿಸುವಂತೆ ಆದೇಶಿಸಿದೆ. ಆದರೂ ಕೋಳಿ ಅಂಗಡಿಯ ತ್ಯಾಜ್ಯವನ್ನು ತಿಂದು ಬೆಳೆಯುವ ಮೀನಾದ್ದರಿಂದ ಖರ್ಚಿಲ್ಲದ ಲಾಭವೆಂದು ಸಾಕುವವರು ಇದ್ದೇ ಇದ್ದಾರೆ. ಅಂಥ ಹೊಂಡವು ಹಳ್ಳದ ಪಕ್ಕದಲ್ಲಿದ್ದರೆ ಒಂದು ನೆರೆಯಷ್ಟೇ ಸಾಕು. ಕೇರಳದಲ್ಲಿ 2018ರ ನೆರೆ ಇಳಿದ ಮೇಲೆ, ದಕ್ಷಿಣ ಅಮೆರಿಕದ ಅರಪೈಮಾದಂಥ ದೈತ್ಯ ಮೀನು ಅಲ್ಲಿನ ಬೆಸ್ತರ ಬಲೆಗೆ ಬಿದ್ದದ್ದು ಹೀಗೆಯೇ. ಮರಿಗಳನ್ನು ಸರ್ಕಾರಿ ಮೀನುಮರಿ ಕೇಂದ್ರದಿಂದಲೇ ತನ್ನಿ, ಕೆರೆಗೆ ಸುರಿಯುವ ಮುನ್ನ ಪ್ರತಿ ಚೀಲವನ್ನೂ ಬಿಳಿ ತೊಟ್ಟಿಯಲ್ಲಿ ಬಿಚ್ಚಿ ಮೀಸೆಯ ಮರಿಯಿದೆಯೇ ಎಂದು ನೋಡಿ. ಒಂದು ಗಂಟೆಯ ಕೆಲಸ.

ಪ್ರಶ್ನೆ: ಕನ್ನಂಬಾಡಿ ಕಟ್ಟೆ, ಶಿವನಸಮುದ್ರದ ಜಲಪಾತ ಇವೆಲ್ಲ ಇರುವಾಗ ಮೀನು ಹರಡುವುದಾದರೂ ಹೇಗೆ? ಅಮೆರಿಕದಲ್ಲಿ ನೀರಿಗೆ ವಿದ್ಯುತ್ ಹರಿಸಿ ಮೀನನ್ನು ತಡೆಯುತ್ತಾರಂತೆ. ಇಲ್ಲಿಯೂ ಹಾಗೆ ಮಾಡಬಾರದೇ? (ಮಂಡ್ಯದ ಓದುಗರು)

ಉತ್ತರ: ಕಟ್ಟೆಯೂ ಜಲಪಾತವೂ ಮೇಲಕ್ಕೆ ಏರುವ ಮೀನನ್ನು ತಡೆಯುತ್ತವೆಯೇ ಹೊರತು ಕೆಳಕ್ಕೆ ಇಳಿಯುವ ಮೀನನ್ನಲ್ಲ. ಕ್ರೆಸ್ಟ್ ಗೇಟ್ ತೆರೆದ ದಿನ ಜಲಾಶಯದ ಮರಿಗಳು ನೀರಿನೊಂದಿಗೇ ಇಳಿಯುತ್ತವೆ. ಮೇಲಿನ ಪತ್ರವನ್ನೇ ನೋಡಿ: ಹೇಮಾವತಿ ನದಿಯು ಕನ್ನಂಬಾಡಿಯ ಹಿನ್ನೀರನ್ನು ಸೇರುತ್ತದೆ, ಆದರೆ ಗೊರೂರಿನ ಅಣೆಕಟ್ಟೆಯಿಂದ ಹೊರಟ ಅದರ ನಾಲೆಯು ದಿಬ್ಬ ದಾಟಿ ಶಿಂಷಾ ಕಣಿವೆಗೆ ಬಂದಿದೆ. ಗುಬ್ಬಿಯ ಕೆರೆಯಿಂದ ಜಾರಿದ ಮೀನು ಮಾರ್ಕೋನಹಳ್ಳಿ, ಮದ್ದೂರುಗಳನ್ನು ಹಾದು ಶಿವನಸಮುದ್ರದಿಂದ ಕೆಳಗೆ ಕಾವೇರಿಯನ್ನು ಸೇರುತ್ತದೆ. ಕನ್ನಂಬಾಡಿಯನ್ನಾಗಲಿ ಜಲಪಾತವನ್ನಾಗಲಿ ಅದು ಎದುರಿಸಲೇ ಇಲ್ಲ. ನದಿಯ ನಕಾಶೆಯ ಜೊತೆಗೆ ನಾಲೆಯ ನಕಾಶೆಯನ್ನೂ ಇಟ್ಟುಕೊಂಡು ನೋಡಿದರೆ ಮಾತ್ರ ಮೀನಿನ ದಾರಿ ಕಾಣುತ್ತದೆ.

ಅಮೆರಿಕದವರ ತೊಂದರೆಯೂ ನಾಲೆಯಿಂದಲೇ ಹುಟ್ಟಿದ್ದು. ಷಿಕಾಗೊ ನಗರದ ಕೊಳೆನೀರು ಮಿಷಿಗನ್ ಸರೋವರ ಸೇರದಿರಲೆಂದು 1900ರಲ್ಲಿ ತೆರೆದ ಕಾಲುವೆಯು ಮಿಸಿಸಿಪ್ಪಿ ನದಿಯನ್ನೂ ಮಹಾ ಸರೋವರಗಳನ್ನೂ ಜೋಡಿಸಿಬಿಟ್ಟಿತು. ಎಪ್ಪತ್ತರ ದಶಕದಲ್ಲಿ ಸಾಕಣೆ ಕೊಳಗಳ ಪಾಚಿಯನ್ನು ತಿನ್ನಲೆಂದು ದಕ್ಷಿಣದ ಅರ್ಕನ್ಸಾಗೆ ತಂದ ಚೀನಾದ ಗೆಂಡೆಗಳು ಮಿಸಿಸಿಪ್ಪಿಗೆ ತಪ್ಪಿಸಿಕೊಂಡು, ವರ್ಷ ವರ್ಷವೂ ಉತ್ತರಕ್ಕೆ ಏರುತ್ತ ಆ ಕಾಲುವೆಯ ದಿಕ್ಕಿಗೆ ಬಂದವು. 2002ರಲ್ಲಿ ಚಾಲೂ ಆದ ವಿದ್ಯುತ್ ತಡೆಯು ಕೆಲಸ ಮಾಡುತ್ತಿರುವುದು ನಿಜ, ಆದರೆ ಅದಕ್ಕೂ ಮಿತಿಗಳಿವೆ. ದೊಡ್ಡ ಮೀನಿಗೆ ತಟ್ಟುವ ಆಘಾತ ಸಣ್ಣ ಮರಿಗೆ ಅಷ್ಟು ತಟ್ಟುವುದಿಲ್ಲ, ಸರಕು ದೋಣಿಯ ಹಿಂದಿನ ಸೆಳೆತದಲ್ಲಿ ಮರಿಗಳು ಪಾರಾಗಬಹುದು, ದುರಸ್ತಿಗೆ ನಿಲ್ಲಿಸಲೇಬೇಕು. 2009ರ ಡಿಸೆಂಬರಿನಲ್ಲಿ ಹಾಗೆ ದುರಸ್ತಿಗೆ ನಿಲ್ಲಿಸುವ ಸಲುವಾಗಿ ಕಾಲುವೆಯ ಸುಮಾರು ಹತ್ತು ಕಿಲೋಮೀಟರ್ ಉದ್ದಕ್ಕೆ ವಿಷ ಬೆರೆಸಿ ಎಲ್ಲ ಮೀನನ್ನೂ ಕೊಲ್ಲಬೇಕಾಯಿತು. ಈಗ ಇಲಿನಾಯ್ ರಾಜ್ಯದ ಬ್ರ್ಯಾಂಡನ್ ರೋಡ್ ಎಂಬಲ್ಲಿ ವಿದ್ಯುತ್ತು, ಶಬ್ದ, ಗಾಳಿಗುಳ್ಳೆಗಳ ಪರದೆ ಎಲ್ಲವನ್ನೂ ಸೇರಿಸಿದ ಮತ್ತೊಂದು ತಡೆಗೆ ನೂರು ಕೋಟಿ ಡಾಲರಿಗೂ ಮೀರಿದ ಅಂದಾಜು ಹಾಕಿದ್ದಾರೆ. ಹಾಗೆ ತಡೆಯುತ್ತಿರುವ ಮೀನುಗಳಲ್ಲೊಂದು ನಮ್ಮ ಕೆರೆಗಳಿಗೆ ನಾವೇ ಬಿತ್ತನೆ ಮಾಡುವ ಬೆಳ್ಳಿಗೆಂಡೆ (ಸಿಲ್ವರ್ ಕಾರ್ಪ್). ಹಿಮಾಚಲದ ಗೋವಿಂದಸಾಗರಕ್ಕೆ 1971ರಲ್ಲಿ ಅದು ಆಕಸ್ಮಿಕವಾಗಿ ಸೇರಿಕೊಂಡು, ಮುಂದೆ ಅಲ್ಲಿ ಕಾಟ್ಲಾವನ್ನು ಹಿಂದೆ ಹಾಕಿತು.

ನಾಲೆಯ ಒಂದು ಕಿರಿದಾದ ಜಾಗದಲ್ಲಿ ಇಂಥ ತಡೆಯನ್ನು ಕಟ್ಟಬಹುದು. ಮಳೆಗಾಲದಲ್ಲಿ ಅರ್ಧ ಕಿಲೋಮೀಟರ್ ಅಗಲವಾಗುವ ನದಿಯಲ್ಲಿ ಕಟ್ಟಲಾಗದು. ನಮ್ಮಲ್ಲಿ ಹಣ ಹಾಕಬೇಕಾದದ್ದು ಕಣಿವೆಯಿಂದ ಕಣಿವೆಗೆ ನೀರು ದಾಟುವ ಜಾಗಗಳಿಗೆ. 2024ರ ಸೆಪ್ಟೆಂಬರಿನಲ್ಲಿ ಎತ್ತಿನಹೊಳೆ ಯೋಜನೆಯ ಮೊದಲ ಹಂತ ಉದ್ಘಾಟನೆಯಾದಾಗ ಪಶ್ಚಿಮಕ್ಕೆ ಹರಿಯುವ ನೇತ್ರಾವತಿಯ ತಲೆಹೊಳೆಗಳ ನೀರು ಘಟ್ಟದ ಈಚೆಗೆ ಹರಿಯಿತು. ಪಂಪಿನಲ್ಲಿ ದೊಡ್ಡ ಮೀನು ಬದುಕುವುದು ಕಷ್ಟ, ಮೊಟ್ಟೆ ಮರಿಗಳು ಪಾರಾಗಬಹುದು. ನೀರೆತ್ತುವ ಜಾಗದಲ್ಲಿ ಸೂಕ್ಷ್ಮ ಜಾಲರಿಯನ್ನೂ ನೀರು ಬೀಳುವ ತೊಟ್ಟಿಯಲ್ಲಿ ಜಲ್ಲಿ ಮರಳಿನ ಸೋಸುವಿಕೆಯನ್ನೂ ಯೋಜನೆಯ ನಕ್ಷೆಯಲ್ಲಿಯೇ ಸೇರಿಸುವುದು ಅಗ್ಗ. ಮೀನು ಬಂದ ಮೇಲೆ ವಿದ್ಯುತ್ ಹರಿಸುವುದು ದುಬಾರಿ.

ಪ್ರಶ್ನೆ: ಕೊಕ್ಕರೆಗಳ ಕಾಲಿಗೆ ಅಂಟಿಕೊಂಡು ಮೀನಿನ ಮೊಟ್ಟೆಗಳು ಕೆರೆಯಿಂದ ಕೆರೆಗೆ ಹೋಗುತ್ತವೆಂದು ಹಿರಿಯರು ಹೇಳುತ್ತಾರೆ. ನಿಜವೇ? (ಕೊಕ್ಕರೆ ಬೆಳ್ಳೂರು)

ಉತ್ತರ: ಕಾಲಿನ ಮಾತು ಹಾಗಿರಲಿ, ಹೊಟ್ಟೆಯ ಮೂಲಕ ಹೋಗಬಹುದೆಂಬುದಕ್ಕೆ ಆಧಾರವಿದೆ. ಹಂಗೇರಿಯ ವಿಜ್ಞಾನಿಗಳು ಬಾತುಗಳಿಗೆ ಗೆಂಡೆ ಜಾತಿಯ ಮೊಟ್ಟೆಗಳನ್ನು ತಿನ್ನಿಸಿ ನೋಡಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಾವಿರಕ್ಕೆ ಎರಡರಷ್ಟು ಮೊಟ್ಟೆಗಳು ಹಿಕ್ಕೆಯಲ್ಲಿ ಒಡೆಯದೆ ಹೊರಬಂದವು. ಅವುಗಳಲ್ಲಿಯೂ ಕೆಲವೇ ಮರಿಯಾದವು. ಹಕ್ಕಿಯ ಮೇಲೆ ಹೊರಿಸುವ ಮುನ್ನ ಮನುಷ್ಯರ ಚೀಲ, ಬಿಂದಿಗೆ, ಬಲೆಗಳನ್ನು ಪರೀಕ್ಷಿಸುವುದು ನ್ಯಾಯ.

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯ ಅಕ್ವೇರಿಯಂನಲ್ಲಿ ಗಾಜು ಶುಚಿ ಮಾಡಲೆಂದು ತಂದ ಸಕ್ಕರ್ ಮೀನು ಒಂದಡಿಗೂ ಹೆಚ್ಚು ಬೆಳೆದಿದೆ. ಕೊಲ್ಲಲು ಮನಸ್ಸಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಬಿಟ್ಟರೆ ಪುಣ್ಯವೆಂದು ಮನೆಯವರು ಹೇಳುತ್ತಾರೆ.

ಉತ್ತರ: ಬಿಡಬೇಡಿ. ದಕ್ಷಿಣ ಅಮೆರಿಕದ ಈ ಮೀನು ಗೂಡು ಮಾಡಲು ದಂಡೆಯಲ್ಲಿ ಬಿಲ ಕೊರೆಯುತ್ತದೆ, ಅದರಿಂದ ದಂಡೆ ಕುಸಿಯುತ್ತದೆ. ಮೈಯ ಗಟ್ಟಿ ಚಿಪ್ಪು, ಮುಳ್ಳುಗಳಿಂದಾಗಿ ನಮ್ಮ ಹಕ್ಕಿಗಳಿಗೂ ಮೀನುಗಳಿಗೂ ಅದನ್ನು ನುಂಗುವುದು ಕಷ್ಟ, ಬಲೆಗೆ ಬಿದ್ದರೆ ಬಲೆಯೇ ಹರಿದು ಬೆಸ್ತರಿಗೆ ದುಡಿಮೆಯ ದಿನ ಹಾಳು. ಆಂಧ್ರ, ತೆಲಂಗಾಣಗಳ ಕೆರೆಗಳಲ್ಲಿ ಅದು ಎಷ್ಟು ಹರಡಿದೆಯೆಂದರೆ, ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದವರು ನೀರಿನ ಮಾದರಿಯಲ್ಲಿರುವ ಡಿಎನ್‌ಎಯಿಂದಲೇ ಅದರ ಇರವನ್ನು ಪತ್ತೆಹಚ್ಚುವ ವಿಧಾನವನ್ನು ರೂಪಿಸಬೇಕಾಯಿತು. ಮೀನನ್ನು ಕೊಂಡ ಅಂಗಡಿಗೆ ಹಿಂತಿರುಗಿಸಿ, ಇಲ್ಲವೇ ದೊಡ್ಡ ತೊಟ್ಟಿಯಿರುವ ಹವ್ಯಾಸಿಗಳಿಗೆ ಕೊಡಿ. ಎರಡೂ ಸಾಧ್ಯವಾಗದಿದ್ದರೆ ಪಶುವೈದ್ಯರ ನೆರವಿನಿಂದ ನೋವಿಲ್ಲದ ಸಾವು ಕೊಡಿಸುವುದರಲ್ಲಿ ಪಾಪವೇನೂ ಇಲ್ಲವೆಂಬುದು ನನ್ನ ಅಭಿಪ್ರಾಯ. ನದಿಗೆ ಬಿಟ್ಟರೆ ಆ ಪಾಪವನ್ನು ನದಿಯ ಮೀನುಗಳು ತೀರಿಸಬೇಕಾಗುತ್ತದೆ.

ಪ್ರಶ್ನೆ: ಮೈಸೂರಿನ ನಮ್ಮ ಪರಿಸರ ಸಂಘವು ಕಾವೇರಿಗೆ ಮಹಶೀರ್ ಮರಿಗಳನ್ನು ಬಿಡುವ ಕಾರ್ಯಕ್ರಮ ಮಾಡಬೇಕೆಂದಿದೆ. ಬಿಳಿಮೀನು ನಮ್ಮದೇ ಮೀನಲ್ಲವೇ? ಇದರಲ್ಲಿ ಆಕ್ಷೇಪವೇಕೆ?

ಉತ್ತರ: ಈ ಪ್ರಶ್ನೆಗೆ ವಿವರವಾಗಿ ಉತ್ತರಿಸುವುದು ಅಗತ್ಯ, ಏಕೆಂದರೆ ಕಾವೇರಿಗೆ ಆದ ದೊಡ್ಡ ಹಾನಿಗಳಲ್ಲೊಂದು ಹೀಗೆಯೇ ಒಳ್ಳೆಯ ಮನಸ್ಸಿನಿಂದ ಆದದ್ದು. ಕಾವೇರಿಯ ಬಿಳಿಮೀನು ಎಂದರೆ ಬೆನ್ನ ಮೇಲೆ ಗೂನು ಇರುವ ಮಹಶೀರ್, ಈ ಕಣಿವೆಯನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಹುಟ್ಟದ ಮೀನು. 1946ರಲ್ಲಿ ಮೈಸೂರಿನ ಪ್ರಸಿದ್ಧ ವಾನ್ ಇಂಗೆನ್ ಕುಟುಂಬದ ಸದಸ್ಯರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಮರಿ ಮಾಡಿಸಿ ನದಿಗಳಿಗೆ ಬಿಡಲು ಎಪ್ಪತ್ತರ ದಶಕದಿಂದ ಸುಲಭವಾಗಿ ಸಿಕ್ಕಿದ್ದು ನೀಲಿರೆಕ್ಕೆಯ ಮಹಶೀರ್. ಅದು ಕೃಷ್ಣಾ ಕಣಿವೆಯ ಮೀನು. 1839ರಲ್ಲಿ ಅದನ್ನು ಮೊದಲು ವಿವರಿಸಿದ್ದೂ ಪುಣೆಯ ಕಡೆಯ ಮುಳಾ-ಮುಠಾ ನದಿಯಿಂದ. ಮಹಾರಾಷ್ಟ್ರದ ಲೋನಾವಳದ ಮರಿಕೇಂದ್ರದಲ್ಲಿ ಅದರ ಮರಿಗಳನ್ನು ಲಕ್ಷಗಟ್ಟಲೆ ಬೆಳೆಸಿ ಹಂಚಲಾಯಿತು, ಕಾವೇರಿಗೂ ಬಂದವು. ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಗಾಳಗಾರರು ಬರೆದಿಟ್ಟ ಲೆಕ್ಕವನ್ನು ನೋಡಿದಾಗ, ನೀಲಿರೆಕ್ಕೆಯ ಮೀನಿನ ಸಂಖ್ಯೆ ಏರುತ್ತ ಹೋದಂತೆ ಗೂನು ಮಹಶೀರ್ ಹೆಚ್ಚುಕಡಿಮೆ ಕಾಣದಾದದ್ದು ಗೊತ್ತಾಯಿತು. ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ದೊರೆತದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಣೆಕಟ್ಟೆ, ಮರಳುಗಾರಿಕೆ, ಸಿಡಿಮದ್ದಿನ ಬೇಟೆ ಇವುಗಳ ಪಾಲೂ ಇದರಲ್ಲಿದೆ. ಆದರೆ ಹೊರಗಿನ ಮೀನು ಎಂದರೆ ಆಫ್ರಿಕಾದಿಂದಲೇ ಬರಬೇಕಿಲ್ಲ, ನೂರಾರು ಮೈಲಿ ಆಚೆಗಿನ ಇನ್ನೊಂದು ಕಣಿವೆಯಿಂದ ಬಂದರೂ ಅದು ಹೊರಗಿನದೇ.

ಆದ್ದರಿಂದ ಮರಿ ಕೊಡುವವರನ್ನು ಎರಡು ಪ್ರಶ್ನೆ ಕೇಳಿ: ಇದು ಯಾವ ಜಾತಿಯ ಮಹಶೀರ್, ಇದರ ತಾಯಿ ತಂದೆ ಮೀನುಗಳನ್ನು ಯಾವ ನದಿಯಿಂದ ತಂದದ್ದು? ಕಾವೇರಿಯ ಗೂನು ಮಹಶೀರ್ ಎಂದು ಬರಹದಲ್ಲಿ ಉತ್ತರ ಬಾರದಿದ್ದರೆ ಕಾರ್ಯಕ್ರಮವನ್ನು ನಿಲ್ಲಿಸಿ. ಅದೇ ಹಣದಲ್ಲಿ ಬೇಸಿಗೆಯ ಮಡುಗಳಲ್ಲಿ ಸಿಡಿಮದ್ದು ಹಾಕುವವರ ಮೇಲೆ ಕಣ್ಣಿಡಲು ಮುತ್ತತ್ತಿಯ ಕಡೆಯ ಇಬ್ಬರು ಯುವಕರಿಗೆ ನಾಲ್ಕು ತಿಂಗಳ ಕೂಲಿ ಕೊಡಬಹುದು.