ಬಯಲಿನಲ್ಲಿ ಮಹಾಚಿತ್ರಗಳು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಉದ್ಯಾನದಲ್ಲಿ ಜಗತ್ಪ್ರಸಿದ್ಧ ವರ್ಣಚಿತ್ರಗಳ ಪ್ರತಿಕೃತಿಗಳನ್ನು ಬಯಲಲ್ಲೇ ನಿಲ್ಲಿಸಿದ್ದಾರೆ. ಎಲ್ಲವೂ ಪ್ರಿಂಟು. ಮೂಲಚಿತ್ರ ಅಲ್ಲದ ಮೇಲೆ ಹೋಗಿ ನೋಡಿ ಏನು ಪ್ರಯೋಜನ?

ಉತ್ತರ: ಖಂಡಿತ ಹೋಗಿ. ಪ್ರಿಂಟಿನಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ತಿಳಿದುಕೊಂಡು ಹೋಗಿ, ಅಷ್ಟೆ. ಚಿತ್ರದ ಜೋಡಣೆ, ನೆರಳು-ಬೆಳಕಿನ ಹಂಚಿಕೆ, ಮೂಲೆಮೂಲೆಯ ವಿವರ ಚೆನ್ನಾಗಿಯೇ ಸಿಗುತ್ತವೆ. ಬಣ್ಣದ ದಪ್ಪ ಸಿಗುವುದಿಲ್ಲ. ವ್ಯಾನ್ ಗೋ ಚಿತ್ರಗಳಲ್ಲಿ ಬಣ್ಣ ಗೋಡೆಗೆ ಮೆತ್ತಿದ ಗಾರೆಯ ಹಾಗೆ ಎದ್ದು ನಿಂತಿರುತ್ತದೆ, ಪ್ರಿಂಟಿನಲ್ಲಿ ಅದೆಲ್ಲ ಚಪ್ಪಟೆ. ಕೆಲವು ಪ್ರಿಂಟುಗಳ ಮೇಲೆ ಪಾರದರ್ಶಕ ಜೆಲ್ ಬಳಿದು ಕುಂಚದ ಗೆರೆ ಬರಿಸಿರುತ್ತಾರೆ. ಬದಿಯಿಂದ ನೋಡಿ: ಉಬ್ಬಿನ ಗೆರೆ ಒಂದು ದಿಕ್ಕಿಗೆ, ಬಣ್ಣದ ಗೆರೆ ಇನ್ನೊಂದು ದಿಕ್ಕಿಗೆ ಹೋಗುತ್ತಿದ್ದರೆ ಆ ಉಬ್ಬಿಗೂ ಕಲಾವಿದನ ಕೈಗೂ ಸಂಬಂಧವಿಲ್ಲ.

ಬಯಲು ಪ್ರದರ್ಶನದ ದೊಡ್ಡ ಲಾಭ ಸಾಮೀಪ್ಯ. ವಸ್ತುಸಂಗ್ರಹಾಲಯದಲ್ಲಿ ಅಡ್ಡಗಂಬಿ, ಕಾವಲು, ಜನಜಂಗುಳಿ. ಇಲ್ಲಿ ಗೇಣುದೂರದಲ್ಲಿ ನಿಂತು ಅರ್ಧ ಗಂಟೆ ನೋಡಬಹುದು. ಹಾನ್ಸ್ ಹೋಲ್ಬೈನ್ 1533ರಲ್ಲಿ ಬರೆದ ‘ರಾಯಭಾರಿಗಳು’ ಅಲ್ಲಿದ್ದರೆ ಮೊದಲು ಅದನ್ನೇ ಹುಡುಕಿ. ಇಬ್ಬರು ಗಂಡಸರ ಕಾಲ ಬಳಿ, ನೆಲದ ಮೇಲೆ, ಓರೆಯಾಗಿ ಎಳೆದಂಥ ಬೂದು-ಕಂದು ಪಟ್ಟೆಯೊಂದಿದೆ. ಎದುರಿನಿಂದ ಅದು ಏನೆಂದೇ ತಿಳಿಯದು. ಫಲಕದ ಬಲ ಅಂಚಿಗೆ ಹೋಗಿ, ಕೆನ್ನೆಯನ್ನು ಹೆಚ್ಚುಕಡಿಮೆ ಫಲಕಕ್ಕೆ ತಾಗಿಸುವಷ್ಟು ಹತ್ತಿರ ತಂದು, ಒಂದು ಕಣ್ಣು ಮುಚ್ಚಿ ಎಡಕ್ಕೆ ಕೆಳಮುಖವಾಗಿ ನೋಡಿ. ಪಟ್ಟೆ ಕುಗ್ಗಿ ತಲೆಬುರುಡೆಯಾಗುತ್ತದೆ. ಪ್ರತಿಯನ್ನು ಚಿಕ್ಕದಾಗಿ ಮುದ್ರಿಸಿದ್ದರೂ ಈ ಲೆಕ್ಕ ತಪ್ಪುವುದಿಲ್ಲ, ನಿಲ್ಲುವ ಜಾಗ ಮಾತ್ರ ಅಷ್ಟೇ ಹತ್ತಿರಕ್ಕೆ ಬರುತ್ತದೆ. ಕೆಡುವುದು ಫಲಕದ ಮೇಲೆ ಹೊಳಪಿನ ಲ್ಯಾಮಿನೇಶನ್ ಇದ್ದಾಗ: ಅಷ್ಟು ಓರೆಯಿಂದ ನೋಡಿದರೆ ಆಕಾಶದ ಬಿಳುಪಷ್ಟೇ ಪ್ರತಿಫಲಿಸುತ್ತದೆ. ಜೊತೆಗಿದ್ದವರು ಎಡಬದಿಯಲ್ಲಿ ಕಪ್ಪು ಕೊಡೆ ಹಿಡಿದರೆ ಸಾಕು.

ಪ್ರಶ್ನೆ: ‘ಮೊನಾಲಿಸಾ’ ಆಳೆತ್ತರ ಇತ್ತು, ‘ನೈಟ್ ವಾಚ್’ ಕೂಡ ಅಷ್ಟೇ ಇತ್ತು. ಮೂಲದಲ್ಲೂ ಎರಡೂ ಒಂದೇ ಗಾತ್ರವೇ?

ಉತ್ತರ: ಅಲ್ಲ. ಬಯಲು ಪ್ರದರ್ಶನಗಳಲ್ಲಿ ಹೆಚ್ಚು ದಾರಿ ತಪ್ಪಿಸುವುದು ಬಣ್ಣಕ್ಕಿಂತ ಗಾತ್ರವೇ. ಫಲಕ ಮಾಡಿಸುವವರು ಖರ್ಚು ಉಳಿಸಲು ಎಲ್ಲವನ್ನೂ ಒಂದೇ ಅಳತೆಗೆ ಹೊಂದಿಸಿಬಿಡುತ್ತಾರೆ. ‘ಮೊನಾಲಿಸಾ’ದ ಎತ್ತರ 77 ಸೆಂ.ಮೀ., ಅಗಲ 53 ಸೆಂ.ಮೀ. ವರ್ಮೀರನ ‘ಮುತ್ತಿನ ಓಲೆಯ ಹುಡುಗಿ’ 44.5ಕ್ಕೆ 39. ಡಾಲಿಯ ಕರಗುವ ಗಡಿಯಾರಗಳ ಚಿತ್ರ ಬರೀ 24ಕ್ಕೆ 33. ಇತ್ತ ರೆಂಬ್ರಾಂಟನ ‘ನೈಟ್ ವಾಚ್’ ಮೂರೂವರೆ ಮೀಟರಿಗಿಂತ ಎತ್ತರ, ನಾಲ್ಕು ಮೀಟರಿಗಿಂತ ಅಗಲ. ಅದೂ 1715ರಲ್ಲಿ ಹೊಸ ಗೋಡೆಗೆ ಹೊಂದಿಸಲೆಂದು ಅಂಚು ಕತ್ತರಿಸಿದ ಮೇಲೆ! ಪಿಕಾಸೊನ ‘ಗೆರ್ನಿಕಾ’ ಏಳೂಮುಕ್ಕಾಲು ಮೀಟರು ಅಗಲ.

ಪುಟ್ಟ ಚಿತ್ರವನ್ನು ಹಿಗ್ಗಿಸಿದರೆ ಅದರ ಆಪ್ತತೆ ಹೋಗುತ್ತದೆ, ಭಾರಿ ಚಿತ್ರವನ್ನು ಕುಗ್ಗಿಸಿದರೆ ಜನರೆಲ್ಲ ಗೊಂಬೆಗಳಾಗುತ್ತಾರೆ. ಆದ್ದರಿಂದ ಜೇಬಿನಲ್ಲಿ ಅಳತೆಪಟ್ಟಿ ಇರಲಿ. ಮಾಹಿತಿ ಫಲಕದಲ್ಲಿ ಮೂಲದ ಅಳತೆ ಓದಿ, ಅಷ್ಟು ಗಾತ್ರವನ್ನು ಗಾಳಿಯಲ್ಲಿ ಕೈಯಿಂದ ಗುರುತಿಸಿಕೊಳ್ಳಿ, ಆಮೇಲೆ ಚಿತ್ರ ನೋಡಿ. ಅಳತೆ ಬರೆದಿಲ್ಲವಾದರೆ ಆ ಚಿತ್ರವಿರುವ ವಸ್ತುಸಂಗ್ರಹಾಲಯದ ಜಾಲತಾಣದಲ್ಲಿ ಸಿಗುತ್ತದೆ.

ಇನ್ನೊಂದು ಪರೀಕ್ಷೆ ಅಂಚುಗಳದ್ದು. ಚೌಕಟ್ಟಿಗೆ ಹೊಂದಿಸಲು ಬದಿಗಳನ್ನು ಕತ್ತರಿಸಿರುವುದುಂಟು. ಹೊಕುಸಾಯ್‌ನ ‘ಮಹಾ ಅಲೆ’ಯಲ್ಲಿ ಎಡ ಮೇಲ್ತುದಿಗೆ ಶೀರ್ಷಿಕೆಯ ಚೌಕವೂ ಪಕ್ಕದಲ್ಲೇ ಸಹಿಯೂ ಇರಬೇಕು. ಅವು ಅರ್ಧಕ್ಕೆ ತುಂಡಾಗಿದ್ದರೆ ಇಡೀ ಚಿತ್ರದ ತೂಕ ತಪ್ಪಿದೆ ಎಂದೇ ಅರ್ಥ.

ಪ್ರಶ್ನೆ: ಮೊಬೈಲಿನಲ್ಲಿ ಕಂಡ ಬಣ್ಣವೇ ಬೇರೆ, ಫಲಕದಲ್ಲಿ ಕಂಡದ್ದೇ ಬೇರೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ಪೂರ್ತಿ ನಂಬಬೇಡಿ. ಮೊಬೈಲಿನ ಪರದೆ ತಾನೇ ಬೆಳಕು ಸೂಸುತ್ತದೆ. ಪ್ರಿಂಟು ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ. ನಾಲ್ಕು ಶಾಯಿಗಳ ಮುದ್ರಣಕ್ಕೆ ಗಾಢ ನೀಲಿ, ಉಜ್ವಲ ಕಿತ್ತಳೆ, ಪ್ರಖರ ಹಸಿರು ನಿಲುಕುವುದು ಕಷ್ಟ. ವರ್ಮೀರನ ಹುಡುಗಿಯ ತಲೆವಸ್ತ್ರದ ನೀಲಿ ಲ್ಯಾಪಿಸ್ ಲಾಜುಲಿ ಕಲ್ಲನ್ನು ಅರೆದು ಮಾಡಿದ್ದು. ಪ್ರಿಂಟಿನಲ್ಲಿ ಅದು ಮಂಕಾಗುವುದು ಸಹಜ.

ಮೇಲಿಂದ ಬಿಸಿಲು. ತಿಂಗಳುಗಟ್ಟಲೆ ಹೊರಗಿದ್ದ ಫಲಕದಲ್ಲಿ ಮಜೆಂಟಾ (ನೇರಳೆಗೆಂಪು) ಮತ್ತು ಹಳದಿ ಶಾಯಿ ಮೊದಲು ಸಾಯುತ್ತವೆ, ನೀಲಿ-ಕಪ್ಪು ಉಳಿಯುತ್ತವೆ. ಮುಖಗಳ ಚರ್ಮ ನೋಡಿ: ನೀಲಿ ಕಟ್ಟಿದಂತಿದ್ದರೆ ಪ್ರಿಂಟು ಮಾಸಿದೆ. ಮರದ ಕೆಳಗಿನ ಫಲಕಕ್ಕೆ ಎಲೆಗಳ ಮೂಲಕ ಬಂದ ಬೆಳಕಿನ ಹಸಿರು ಛಾಯೆಯೂ ಸೇರುತ್ತದೆ. ಹತ್ತಿರದಲ್ಲಿ ಬಿಳಿ ಹಾಳೆ ಹಿಡಿದರೆ ಛಾಯೆ ಎಷ್ಟೆಂದು ತಕ್ಷಣ ಗೊತ್ತಾಗುತ್ತದೆ. ಬಣ್ಣದ ತಂಪುಕನ್ನಡಕ ತೆಗೆದಿಡಿ.

ಮೂಲಚಿತ್ರವೂ ಬದಲಾಗಿರಬಹುದು ಎಂಬುದು ನೆನಪಿರಲಿ. ವ್ಯಾನ್ ಗೋ ತನ್ನ ಮಲಗುವ ಕೋಣೆಯ ಗೋಡೆಗೆ ಬಳಿದದ್ದು ತಿಳಿ ನೇರಳೆ. ಅದರೊಳಗಿನ ಕೆಂಪು ಮಾಸಿ ಈಗ ನೀಲಿಯಾಗಿದೆ. ಅದೇ ಕೋಣೆಯನ್ನು ಆತ ಮೂರು ಸಲ ಬರೆದಿದ್ದಾನೆ, ಹೋಲಿಸುವಾಗ ಯಾವ ಆವೃತ್ತಿ ಎಂದು ಮೊದಲು ನೋಡಿಕೊಳ್ಳಿ.

ಪ್ರಶ್ನೆ: ಯಾವ ಹೊತ್ತಿಗೆ ಹೋದರೆ ಒಳ್ಳೆಯದು? ಎಷ್ಟು ದೂರ ನಿಲ್ಲಬೇಕು?

ಉತ್ತರ: ಮೋಡ ಕವಿದ ದಿನ ಎಲ್ಲಕ್ಕಿಂತ ಮೇಲು. ಬಿಸಿಲಿದ್ದರೆ ಫಲಕ ನೆರಳಿನಲ್ಲಿರುವ ಹೊತ್ತು ನೋಡಿಕೊಳ್ಳಿ: ಪೂರ್ವಕ್ಕೆ ಮುಖ ಮಾಡಿದ ಫಲಕಗಳಿಗೆ ಮಧ್ಯಾಹ್ನದ ನಂತರ, ಪಶ್ಚಿಮದವಕ್ಕೆ ಬೆಳಿಗ್ಗೆ. ರೆಂಬ್ರಾಂಟ್, ಕಾರವಾಜ್ಜೊ ಅವರ ಕಡುಗಪ್ಪು ಚಿತ್ರಗಳಲ್ಲಿ ನಿಮ್ಮ ಬಿಳಿ ಅಂಗಿಯೇ ಕನ್ನಡಿಯಲ್ಲಿ ಕಂಡಂತೆ ಕಾಣಿಸುತ್ತದೆ. ಗಾಢ ಬಣ್ಣದ ಬಟ್ಟೆ ಹಾಕಿಕೊಂಡು ಹೋಗಿ.

ದೂರಕ್ಕೆ ಒಂದು ಅಂದಾಜು: ಫಲಕದ ಮೂಲೆಯಿಂದ ಮೂಲೆಗೆ ಇರುವ ಉದ್ದದ ಒಂದೂವರೆ ಪಟ್ಟು. ಅಲ್ಲಿ ನಿಂತು ಇಡೀ ಚಿತ್ರ ನೋಡಿ, ಆಮೇಲೆ ಹತ್ತಿರ ಹೋಗಿ, ಮತ್ತೆ ಹಿಂದಕ್ಕೆ ಬನ್ನಿ. ಹತ್ತಿರದಲ್ಲಿ ಕಾಣುವ ಸಣ್ಣ ಚುಕ್ಕಿಗಳು ಮುದ್ರಣದವು, ಚುಕ್ಕಿ ಚುಕ್ಕಿಯಾಗಿ ಬಣ್ಣವಿಟ್ಟು ಚಿತ್ರ ಬರೆದ ಫ್ರೆಂಚ್ ಕಲಾವಿದ ಸೋರಾ ಇಟ್ಟ ಚುಕ್ಕಿಗಳೆಂದು ತಿಳಿಯಬೇಡಿ. ಅವನವು ಒಂದೊಂದೂ ಬೇರೆ ಬೇರೆ ಗಾತ್ರ, ಬೇರೆ ಬೇರೆ ಓರೆ. ನಲವತ್ತು ಚಿತ್ರಗಳನ್ನು ಓಡುತ್ತಾ ನೋಡುವುದಕ್ಕಿಂತ ಏಳೆಂಟನ್ನು ಐದೈದು ನಿಮಿಷ ನೋಡುವುದೇ ಸರಿ.

ಪ್ರಶ್ನೆ: ಮೊಬೈಲಿನಲ್ಲಿ ತೆಗೆದ ಫೋಟೊಗಳಲ್ಲಿ ಚೌಕಟ್ಟು ಸೊಟ್ಟಗಾಗುತ್ತದೆ. ಏನು ಮಾಡಲಿ?

ಉತ್ತರ: ಹತ್ತಿರ ನಿಂತು ಮೊಬೈಲನ್ನು ಮೇಲಕ್ಕೆ ವಾಲಿಸಿದರೆ ಹಾಗಾಗುತ್ತದೆ. ಹಿಂದೆ ಸರಿದು ಎರಡು ಪಟ್ಟು ಝೂಮ್ ಲೆನ್ಸ್ ಬಳಸಿ, ಮೊಬೈಲು ಚಿತ್ರದ ನಟ್ಟನಡುವಿನ ಎತ್ತರದಲ್ಲಿ ಫಲಕಕ್ಕೆ ಸಮಾನಾಂತರವಾಗಿರಲಿ. ಗ್ರಿಡ್ ಗೆರೆ ತೆರೆದಿಡಿ, ಫ್ಲ್ಯಾಶ್ ಬೇಡ.

ಪ್ರಶ್ನೆ: ಮೋನೆ, ಕ್ಲಿಮ್ಟ್ ಎಲ್ಲ ಕಡೆ ಇರುತ್ತಾರೆ. ಪಿಕಾಸೊ, ಡಾಲಿ ಅಪರೂಪ. ಯಾಕೆ?

ಉತ್ತರ: ಹಕ್ಕುಸ್ವಾಮ್ಯ. ಹಲವು ದೇಶಗಳಲ್ಲಿ ಕಲಾವಿದ ತೀರಿಕೊಂಡು 70 ವರ್ಷ ಕಳೆಯುವವರೆಗೆ ಅನುಮತಿಯಿಲ್ಲದೆ ಪ್ರತಿ ಮಾಡುವಂತಿಲ್ಲ. ಕೆಲವೆಡೆ ಅವಧಿ ಇನ್ನೂ ಕಡಿಮೆ. ಕ್ಲಿಮ್ಟ್ 1918ರಲ್ಲಿ, ಮೋನೆ 1926ರಲ್ಲಿ ತೀರಿಕೊಂಡರು, ಹಾಗಾಗಿ ಅವರ ಚಿತ್ರಗಳನ್ನು ಯಾರು ಬೇಕಾದರೂ ಮುದ್ರಿಸಬಹುದು. ಪಿಕಾಸೊ ನಿಧನ 1973ರಲ್ಲಿ, ಡಾಲಿ 1989ರಲ್ಲಿ. 70 ವರ್ಷದ ನಿಯಮವಿರುವಲ್ಲಿ ಪಿಕಾಸೊ ಚಿತ್ರಗಳಿಗೆ 2043ರ ಕೊನೆಯವರೆಗೆ ಪರವಾನಗಿ ಬೇಕು.