ಸುಕುಬಾದ ಗಾರ್ಡನ್ ನೋಡೋಕೆ ಹೋಗ್ಬಹುದಾ?

ಪ್ರಶ್ನೆ: ಮಗ ಜಪಾನಿನ ಸುಕುಬಾದಲ್ಲಿ ರಿಸರ್ಚ್ ಮಾಡ್ತಿದ್ದಾನೆ. ಜೂನ್‌ನಲ್ಲಿ ನಾನೂ ನನ್ನ ಮನೆಯವರೂ ಹೋಗ್ತಿದೀವಿ. ಊರೆಲ್ಲಾ ಬರೀ ಲ್ಯಾಬುಗಳೇ ಅಂತೆ, ಒಂದು ಸಸ್ಯೋದ್ಯಾನ ಇದೆ ಅಂತಾನೆ. ಲಾಲ್‌ಬಾಗ್ ಥರ ಇರತ್ತಾ? ಇಬ್ರಿಗೂ 65 ದಾಟಿದೆ, ಓಡಾಡೋಕೆ ಕಷ್ಟ ಆಗತ್ತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಧಾರಾಳವಾಗಿ ಹೋಗಿ ಸಾರ್, ಆದ್ರೆ ಲಾಲ್‌ಬಾಗ್‌ನ ತಲೇಲಿ ಇಟ್ಕೊಂಡು ಹೋಗ್ಬೇಡಿ. ಇದು ಸುಮಾರು 14 ಹೆಕ್ಟೇರ್, ಅಂದ್ರೆ 35 ಎಕರೆ ಅಷ್ಟೇ, ನಿಧಾನಕ್ಕೆ ನಡೆದ್ರೂ ಅರ್ಧ ದಿನ ಸಾಕು. ಟೋಕಿಯೋದ ಉಯೆನೋದಲ್ಲಿ ದೊಡ್ಡ ವಿಜ್ಞಾನ ಮ್ಯೂಸಿಯಂ ಇದೆಯಲ್ಲ, ಅದೇ ಮ್ಯೂಸಿಯಂನವರದ್ದು ಇದೂ, 1983ರಿಂದ ಜನರಿಗೆ ತೆರೆದಿದೆ. ನಿತ್ಯಹಸಿರು ಕಾಡು, ಎಲೆ ಉದುರೋ ಕಾಡು, ಎತ್ತರದ ಬೆಟ್ಟದ ಗಿಡಗಳು, ಸಮುದ್ರದ ದಂಡೆ ಮರಳಿನವು ಅಂತ ಗಿಡ ಎಲ್ಲಿ ಬೆಳೆಯುತ್ತೋ ಆ ಲೆಕ್ಕದಲ್ಲೇ ಜೋಡಿಸಿದ್ದಾರೆ, ಅದಕ್ಕೇ ಹೂವಿನ ಪಾತಿ ಹುಡುಕ್ಕೊಂಡು ಹೋದವರಿಗೆ ಸ್ವಲ್ಪ ಸಪ್ಪೆ ಅನ್ಸತ್ತೆ. ಗಾಜಿನ ಮನೆಗಳೂ ಇವೆ. ಸುಮಾತ್ರಾದ ಟೈಟನ್ ಆರಮ್ ಅಂತ ಕೊಳೆತ ಹೆಣದ ವಾಸನೆಯ ದೈತ್ಯ ಹೂ ಅಲ್ಲೇ ಇರೋದು, ಅರಳಿದ್ರೆ ಎರಡೇ ದಿನ, ಜನ ಮುಗಿಬೀಳ್ತಾರೆ.

ನನ್ನ ಕೇಳಿದ್ರೆ ನೋಡ್ಬೇಕಾದ್ದು ಕೊಶಿಗಾಯಾ ಹೊಶಿಕುಸಾ ಅನ್ನೋ ಸಣ್ಣ ನೀರುಗಿಡ. ಹುಲ್ಲಿನ ಕುಚ್ಚು, ಮೇಲೆ ದಾರದಂಥ ಕಡ್ಡಿ, ತುದೀಲಿ ಗುಂಡಿ ಥರ ಬಿಳಿ ಹೂ, ಅಷ್ಟೇ. ಅದೇ ಜಾತಿಗೆ ಸೇರಿದ ಬೇರೆ ಗಿಡಗಳು ನಮ್ಮ ಮಲೆನಾಡು ಕರಾವಳಿಯ ಗದ್ದೆಗಳಲ್ಲೂ ಇವೆ, ನಾವು ತುಳ್ಕೊಂಡೇ ಓಡಾಡ್ತೀವಿ. ಜಪಾನಲ್ಲಿ ಇದಕ್ಕೆ ಕೊನೆಗೆ ಉಳಿದಿದ್ದು ಸುಕುಬಾ ಹತ್ತಿರದ ಶಿಮೊತ್ಸುಮಾ ಊರಿನ ಸಾನುಮಾ ಕೆರೆ ಒಂದೇ. ಗದ್ದೆಗೆ ನೀರು ಬಿಟ್ಟು ಬೇಸಿಗೆ ಕೊನೆಗೆ ಕೆರೆ ಇಳೀತಿತ್ತು, ದಂಡೆ ಬಯಲಾದಾಗ ಗಿಡ ಹೂ ಬಿಟ್ಟು ಬೀಜ ಕಟ್ತಿತ್ತು. ಆಮೇಲೆ ನೀರು ನಿಲ್ಲಿಸೋ ಕ್ರಮ ಬದಲಾಯ್ತು, ಆ ಹೊತ್ತಲ್ಲೂ ಕೆರೆ ತುಂಬೇ ಇರತೊಡಗಿತು, ಹೂವಿಲ್ಲ ಬೀಜವಿಲ್ಲ, ಒಂದೇ ವರ್ಷ ಬಾಳೋ ಗಿಡ ಬೇರೆ, 1990ರ ದಶಕದಲ್ಲೇ ಕೆರೆಯಿಂದ ಪೂರ್ತಿ ಮಾಯ. ಬೀಜ ಉಳಿಸಿ ಬೆಳೆಸ್ಕೊಂಡು ಬಂದಿದ್ದು ಈ ತೋಟದವರು. ಈಗ ಅದೇ ಕೆರೆಯ ನೀರನ್ನ ಇಳಿಸಿ ಮತ್ತೆ ಅಲ್ಲೇ ಬೇರೂರಿಸೋ ಪ್ರಯತ್ನ ನಡೆಸಿದ್ದಾರೆ, ಗಿಡ ಉಳಿಸೋದು ಅಂದ್ರೆ ಕೊನೆಗೆ ಕೆರೆಯ ತೂಬಿನ ಹತ್ರ ಕೂತು ಮಾತಾಡೋ ಕೆಲ್ಸಾನೇ. ಜೂನ್‌ನಲ್ಲಿ ಇದರ ಹೂ ಸಿಗಲ್ಲ ಬಿಡಿ, ಅದು ಶರತ್ಕಾಲಕ್ಕೆ.

ಟೋಕಿಯೋದ ಅಕಿಹಬಾರಾದಿಂದ ಸುಕುಬಾ ಎಕ್ಸ್‌ಪ್ರೆಸ್ ರೈಲು, ಫಾಸ್ಟ್ ಹತ್ತಿದ್ರೆ 45 ನಿಮಿಷ. ತೋಟದ ಒಳಗೆ ಹೋಗೋಕೆ 65 ದಾಟಿದವರು ಟಿಕೆಟ್ ತಗೋಬೇಕಿಲ್ಲ, ವಯಸ್ಸು ತೋರಿಸೋಕೆ ಪಾಸ್‌ಪೋರ್ಟ್ ಇಟ್ಕೊಂಡಿರಿ. ಜೂನ್ ಅಲ್ಲಿ ಮಳೆಗಾಲ, ಕೊಡೆ ಬೇಕೇ ಬೇಕು. ಸೋಮವಾರ ಮಾತ್ರ ಬೇಡ, ಬಾಗಿಲು ಹಾಕಿರತ್ತೆ.