ರಾಜ ಸಹಿ ಹಾಕಲ್ಲ ಅಂದರೆ?

ಪ್ರಶ್ನೆ: ಪಾರ್ಲಿಮೆಂಟ್ ಒಪ್ಪಿದ ಮಸೂದೆಗೆ ರಾಜ ಸಹಿ ಹಾಕಲ್ಲ ಅಂತ ಕೂತರೆ ಏನಾಗುತ್ತೆ? ಸೌದಿ ದೊರೆಯಂಥವರನ್ನು ತಡೆಯುವವರು ಯಾರೂ ಇಲ್ವಾ?
– ಓದುಗರೊಬ್ಬರು, ಹಾಸನ

ಉತ್ತರ: ಬ್ರಿಟನ್ನಿನಲ್ಲಿ ಕೊನೆಯ ಸಲ ಹೀಗಾಗಿದ್ದು 1708ರಲ್ಲಿ, ರಾಣಿ ಆನ್ ಕಾಲದಲ್ಲಿ. ಅದೂ ಮಂತ್ರಿಗಳು ಹೇಳಿದ್ದಕ್ಕೆ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದು ಬೆಲ್ಜಿಯಂನಲ್ಲಿ.

1990ರಲ್ಲಿ ಅಲ್ಲಿ ಗರ್ಭಪಾತಕ್ಕೆ ಕೆಲವು ಷರತ್ತಿನ ಮೇಲೆ ಅವಕಾಶ ಕೊಡುವ ಮಸೂದೆ ಪಾಸಾಯಿತು. ರಾಜ ಬೋದ್ವಾಂ ಕಟ್ಟಾ ಕ್ಯಾಥೊಲಿಕ್. ರಾಣಿ ಫಬಿಯೋಲಾಗೆ ಹಲವು ಸಲ ಗರ್ಭ ನಿಂತರೂ ಉಳಿಯಲಿಲ್ಲ, ದಂಪತಿಗೆ ಮಕ್ಕಳೇ ಆಗಲಿಲ್ಲ. ಅಂಥವರ ಮುಂದೆ ಈ ಕಾಗದ ಬಂತು ನೋಡಿ. ಸಹಿ ಹಾಕಲು ನನ್ನ ಮನಸ್ಸು ಒಪ್ಪುತ್ತಿಲ್ಲ, ಆದರೆ ಪಾರ್ಲಿಮೆಂಟಿನ ಕೆಲಸ ನಿಲ್ಲಬಾರದು, ನೀವೇ ಏನಾದರೂ ದಾರಿ ಹುಡುಕಿ ಎಂಬ ಅರ್ಥದಲ್ಲಿ ಅವರು ಪ್ರಧಾನಿ ಮಾರ್ಟೆನ್ಸ್ ಅವರಿಗೆ ಪತ್ರ ಬರೆದರು.

ದಾರಿ ಸಂವಿಧಾನದಲ್ಲೇ ಇತ್ತು. ರಾಜನಿಗೆ ಆಳಲು ಆಗದ ಸ್ಥಿತಿ ಬಂದರೆ ಮಂತ್ರಿಮಂಡಲ ಅವರ ಅಧಿಕಾರ ನಡೆಸಬಹುದು ಅನ್ನುವ ವಿಧಿ ಅದು. 1940ರಲ್ಲಿ ಬೋದ್ವಾಂ ಅವರ ತಂದೆ ಜರ್ಮನ್ನರ ಸೆರೆ ಸಿಕ್ಕಾಗ ಬಳಸಿದ್ದೂ ಇದನ್ನೇ. ಮಂತ್ರಿಗಳು ಅದನ್ನೇ ಹಿಡಿದು, ರಾಜ ಈಗ ಆಳುವ ಸ್ಥಿತಿಯಲ್ಲಿಲ್ಲ ಎಂದು ಘೋಷಿಸಿ, ತಾವೇ ಸೇರಿ ಸಹಿ ಹಾಕಿದರು. ಏಪ್ರಿಲ್ 5ಕ್ಕೆ ಪಾರ್ಲಿಮೆಂಟ್ ಮತ ಹಾಕಿ ಅವರನ್ನು ಮತ್ತೆ ಸಿಂಹಾಸನದಲ್ಲಿ ಕೂರಿಸಿತು. ಕಾನೂನೂ ಉಳಿಯಿತು, ಆ ಮನುಷ್ಯನ ನಂಬಿಕೆಯೂ ಉಳಿಯಿತು. ನನಗೆ ಇದು ಎರಡೂ ಕಡೆಯವರ ದೊಡ್ಡತನ ಅನಿಸುತ್ತದೆ.

ಎಲ್ಲರಿಗೂ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ. 2008ರಲ್ಲಿ ಲಕ್ಸೆಂಬರ್ಗ್‌ನ ದೊರೆ ಹೆನ್ರಿ ದಯಾಮರಣದ ಮಸೂದೆಯನ್ನು ಒಪ್ಪಲ್ಲ ಅಂದಾಗ, ಅಲ್ಲಿನ ಪಾರ್ಲಿಮೆಂಟ್ ಸಂವಿಧಾನವನ್ನೇ ತಿದ್ದಿ, ಮಸೂದೆಗೆ ಒಪ್ಪಿಗೆ ಕೊಡುವ ಅಧಿಕಾರವನ್ನು ದೊರೆಯಿಂದ ತೆಗೆದುಬಿಟ್ಟಿತು. ಈಗ ಅವರ ಸ್ಥಾನದ ಕೆಲಸ ಕಾನೂನನ್ನು ಹೊರಡಿಸುವುದಷ್ಟೇ.

ಇನ್ನು ಸೌದಿ. ಅಲ್ಲಿ 1992ರ ಮೂಲ ಕಾನೂನಿನ ಪ್ರಕಾರವೂ ಎಲ್ಲ ಅಧಿಕಾರ ಕೊನೆಗೆ ದೊರೆಯ ಕೈಗೇ ಬರುತ್ತದೆ. ಹಾಗಂತ ತಡೆಯೇ ಇಲ್ಲ ಅನ್ನೋಕಾಗಲ್ಲ. 1964ರಲ್ಲಿ ರಾಜಮನೆತನದವರು ಒಂದಾದರು, ಧರ್ಮಗುರುಗಳು ಫತ್ವಾ ಕೊಟ್ಟರು, ಸೌದ್ ದೊರೆ ಪಟ್ಟದಿಂದ ಇಳಿಯಲೇಬೇಕಾಯಿತು. ಮಲತಮ್ಮ ಫೈಸಲ್ ದೊರೆಯಾದರು. ಸೌದ್ ದೇಶ ಬಿಟ್ಟು ಹೋಗಿ 1969ರಲ್ಲಿ ಗ್ರೀಸಿನಲ್ಲಿ ತೀರಿಕೊಂಡರು. ಬೆಲ್ಜಿಯಂನಲ್ಲಿ ರಾಜನ ಪತ್ರವನ್ನು ಜನರ ಮುಂದೆಯೇ ಇಟ್ಟಿದ್ದರು. ಇಲ್ಲಿ ಎಲ್ಲವೂ ಮನೆಯವರು, ಗುರುಗಳ ನಡುವೆಯೇ ತೀರ್ಮಾನವಾಯಿತು, ಜನರನ್ನು ಯಾರೂ ಕೇಳಲಿಲ್ಲ.